ಪೆನ್‌ಡ್ರೈವಿನೊಳಗಿನ ಡಮಾಮಿ

ಕಳೆದ ವರ್ಷ ಗಣೇಶ ಚೌತಿಯ ಐದನೆಯ ರಾತ್ರಿ ನಾನು ದಾಂಡೇಲಿಯ ಒಂದು ಪೆಂಡಾಲಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಿಡಿದು ಕೂತಿದ್ದೆ. ಆರ್ಕೆಸ್ಟ್ರಾ ನಡೆಯುತ್ತಿತ್ತು. ಸಿನಿಮಾ ಹಾಡುಗಳು ಮುಗಿದು ಹುಡುಗರು ಕುಣಿಯುವ ಹೊತ್ತು ಬಂದಾಗ ಕೀಬೋರ್ಡ್ ನುಡಿಸುತ್ತಿದ್ದವನು ಎಡಗೈಯನ್ನು ಕೆಳಗಿನ ಮನೆಗಳ ಮೇಲೆ ಇಟ್ಟ. ಎರಡಾಳೆತ್ತರದ ಸ್ಪೀಕರಿನಿಂದ ಡಮಾಮಿಯ ಸದ್ದು ಬಂತು. ಸಿದ್ದಿಗಳ ಡಮಾಮಿ. ಕುಣಿಯುವವರಿಗೆ ಅದು ಇನ್ನೊಂದು ದಪ್ಪ ಸದ್ದು, ಅಷ್ಟೆ. ನನಗೆ ಮಾತ್ರ ಅದು ಯಾವ ಡಮಾಮಿ, ಯಾರ ಕೈ ಎಂಬುದೂ ಗೊತ್ತಿತ್ತು. ಪ್ರತಿ ಏಟಿನ ಕೊನೆಗೆ ಒಂದು ಸಣ್ಣ ಕಿಣಿ ಇತ್ತು. ಆ ವಾದ್ಯದ ಹಗ್ಗಕ್ಕೆ ಸಿಕ್ಕಿಸಿದ್ದ ಕಬ್ಬಿಣದ ಬಳೆ ಸಡಿಲವಾಗಿತ್ತು, ಅದರ ಸದ್ದು. ಪಿಎಚ್.ಡಿ.ಯ ಟಿಪ್ಪಣಿ ಬರೆಯುವಾಗ ನಾನದನ್ನು ಇಯರ್‌ಫೋನಿನಲ್ಲಿ ನೂರಾರು ಸಲ ಕೇಳಿದ್ದೆ.

ಆ ಸದ್ದನ್ನು ಹಳಿಯಾಳ ತಾಲ್ಲೂಕಿನ ಒಂದು ಹಾಡಿಯಿಂದ ಈ ಸ್ಪೀಕರಿಗೆ ತಲುಪಿಸಿದವಳೂ ನಾನೇ.

ನನ್ನ ಸಂಶೋಧನೆ ಕಾಳಿ ನದಿಯ ಆಸುಪಾಸಿನ ಸಮುದಾಯಗಳು ಮತ್ತು ಅವರ ವಾದ್ಯಗಳ ಕುರಿತದ್ದು. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ದಾಂಡೇಲಿ ಮೊನ್ನೆ ಮೊನ್ನೆಯವರೆಗೂ ಹಳಿಯಾಳ ತಾಲ್ಲೂಕಿನ ಭಾಗ. 1955ರಲ್ಲಿ ಕಾಗದದ ಕಾರ್ಖಾನೆ ಬಂದ ಮೇಲೆ ಎಲ್ಲೆಲ್ಲಿಂದಲೋ ಜನ ಬಂದು ಊರಾದ ಜಾಗ. ಜೊಯಿಡಾಕ್ಕೆ ಮೊದಲು ಸೂಪಾ ತಾಲ್ಲೂಕು ಎಂದು ಹೆಸರು. ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿತು, ಕಚೇರಿಗಳು ಜೊಯಿಡಾಕ್ಕೆ ಬಂದವು. ಮುಂಡಗೋಡಕ್ಕೆ 1966ರಿಂದ ಟಿಬೆಟನ್ನರು ಬಂದು ನೆಲೆಸಿದರು. ಸಿದ್ದಿಗಳ ಪೂರ್ವಿಕರು ಆಫ್ರಿಕಾದ ಪೂರ್ವ ಕರಾವಳಿಯಿಂದ ಬಂದವರು. ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವಾಕ್ಕೆ ಬಂದು, ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರು ಅವರಲ್ಲಿ ಬಹಳ ಮಂದಿ. ಹೀಗೆ ಇಲ್ಲಿ ಯಾರನ್ನು ಕೇಳಿದರೂ ಬೇರೆಲ್ಲಿಂದಲೋ ಬಂದ ಕತೆಯೊಂದು ಸಿಗುತ್ತದೆ. ಬರುವಾಗ ಹೊತ್ತು ತಂದದ್ದರಲ್ಲಿ ಸದ್ದೂ ಒಂದು.

ಸಿದ್ದಿಗಳ ಬಗ್ಗೆ ಬರೆಯುವವರು ಡಮಾಮಿಯನ್ನು ‘ಆಫ್ರಿಕಾದ ಪಳೆಯುಳಿಕೆ’ ಎಂದುಬಿಡುತ್ತಾರೆ. ನಾನೂ ಮೊದಲ ವರ್ಷದ ಪ್ರಬಂಧದಲ್ಲಿ ಹಾಗೇ ಬರೆದಿದ್ದೆ. ಆದರೆ ಹೆಸರು ನೋಡಿ. ದಮಾಮ ಎಂಬುದು ಪರ್ಷಿಯನ್ ಭಾಷೆಯಲ್ಲಿ ದೊಡ್ಡ ನಗಾರಿಯ ಹೆಸರು, ಮೊಗಲರ ನೌಬತ್‌ಖಾನೆಗಳಲ್ಲೂ ಅದು ಇತ್ತು. ಹಳಿಯಾಳದ ಕಡೆ ಕ್ರೈಸ್ತ ಮತ್ತು ಮುಸ್ಲಿಂ ಸಿದ್ದಿಗಳು ಹೆಚ್ಚು, ಯಲ್ಲಾಪುರ, ಅಂಕೋಲೆಯ ಕಡೆ ಹಿಂದೂ ಸಿದ್ದಿಗಳು ಹೆಚ್ಚು. ಮನೆಯಲ್ಲಿ ಕೊಂಕಣಿ, ಮರಾಠಿ, ಉರ್ದು, ಕನ್ನಡ ಕಲೆತ ಮಾತು. ಇಷ್ಟೆಲ್ಲ ದಾರಿ ಸವೆಸಿದ ಜನರ ವಾದ್ಯವನ್ನು ಒಂದೇ ಊರಿಗೆ ಕಟ್ಟಿಹಾಕಲು ಬರುವುದಿಲ್ಲ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ ಮೇಲೆ ಸರ್ಕಾರಿ ಉತ್ಸವಗಳ ಮೆರವಣಿಗೆಯಲ್ಲಿ ಡಮಾಮಿ ಕಾಣುವುದು ಸಾಮಾನ್ಯವಾಯಿತು. ಮೆರವಣಿಗೆ ಎಂದರೆ ಒಂದು ದಿನದ ಕೂಲಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಆ ಅಜ್ಜನ ಡಮಾಮಿಯನ್ನು ಮುದ್ರಿಸಿಕೊಂಡದ್ದು ಒಂದು ಜುಲೈ ತಿಂಗಳು. ಹನ್ನೊಂದು ನಿಮಿಷದ ಧ್ವನಿಮುದ್ರಣ. ಹಾಡು ಶುರುವಾಗುವ ಮೊದಲು ಅಜ್ಜ ಬಿಡಿಬಿಡಿಯಾಗಿ ಒಂಬತ್ತು ಏಟು ಹಾಕಿದ್ದರು. ನನ್ನ ಟಿಪ್ಪಣಿಯಲ್ಲಿ ಅದರ ಎದುರು ‘ಸಿದ್ಧತೆ, ಬಿಡಬಹುದು’ ಎಂದು ಬರೆದುಕೊಂಡಿದ್ದೆ. ಒಪ್ಪಿಗೆ ಪತ್ರದಲ್ಲಿ ‘ಸಂಶೋಧನೆಯ ಉದ್ದೇಶಕ್ಕೆ ಮಾತ್ರ’ ಎಂಬ ಸಾಲಿತ್ತು. ಅಜ್ಜ ಸಹಿ ಹಾಕಿದರು. ಸಾಲನ್ನು ಬರೆದವಳು ನಾನು, ಮರೆತವಳೂ ನಾನು.

ದಾಂಡೇಲಿಯಲ್ಲಿ ಹಗಲು ಮೊಬೈಲ್ ರಿಪೇರಿ ಮಾಡುವ, ರಾತ್ರಿ ಆರ್ಕೆಸ್ಟ್ರಾಕ್ಕೆ ಹೋಗುವ ಹುಡುಗನೊಬ್ಬ ಪರಿಚಯವಾದ. ನನ್ನ ಫೋನಿನ ಗಾಜು ಒಡೆದು ಅವನ ಅಂಗಡಿಗೆ ಹೋಗಿದ್ದೆ. ಮಾತಿಗೆ ಮಾತು ಬೆಳೆದು ಅವನ ಕೀಬೋರ್ಡಿನ ವಿಷಯಕ್ಕೆ ಬಂತು. “ಅಕ್ಕಾರ, ಪ್ಯಾಟ್ಯಾಗ ಸಿಗೋ ಟೋನ್ ಎಲ್ಲಾ ಮುಂಬೈದ್ದು ಇಲ್ಲಾ ಚೆನ್ನೈದ್ದು. ಡೋಲಕ್ ಐತಿ, ತಮಟಿ ಐತಿ. ನಮ್ಮ ಕಡೀದು ಒಂದೂ ಇಲ್ಲ ನೋಡ್ರಿ” ಎಂದ. ನಮ್ಮಲ್ಲಿ ಸ್ಯಾಂಪಲ್ ಎಂಬ ಮಾತಿಗೆ ಸಂಗೀತಗಾರರು ಬಳಸುವ ಪದ ಟೋನ್. ಕೀಬೋರ್ಡಿಗೆ ಟೋನ್ ಹಾಕಿಸುವುದು ಎಂದರೆ ಪೆನ್‌ಡ್ರೈವಿನಲ್ಲಿ ಹೊಸ ಸದ್ದು ತಂದು ಅದರೊಳಗೆ ತುಂಬಿಸುವುದು. ನಾನು ಉಮೇದಿನಲ್ಲಿ ನನ್ನ ಧ್ವನಿಮುದ್ರಣ ಕೇಳಿಸಿದೆ. ಅವನು ಹಾಡನ್ನೆಲ್ಲ ದಾಟಿಸಿ, ನಾನು ಬಿಡಬಹುದು ಎಂದು ಬರೆದುಕೊಂಡಿದ್ದ ಆ ಒಂಬತ್ತು ಏಟುಗಳ ಹತ್ತಿರ ನಿಂತ. “ಇದರಾಗ ಬ್ಯಾರೆ ಸದ್ದಿಲ್ಲ. ಇದು ಬೇಕ್ರಿ.”

ಮುಂದಿನ ಎರಡು ಸಂಜೆ ಅವನ ಅಂಗಡಿಯಲ್ಲಿ ನಡೆದದ್ದನ್ನು ನಾನು ವಿದ್ಯಾರ್ಥಿಯಂತೆ ನೋಡಿದೆ. ಸದ್ದು ಗಾಳಿಯ ಅಲೆ. ಯಂತ್ರ ಆ ಅಲೆಯ ಎತ್ತರವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಒಂದೊಂದು ಅಂಕಿಗೂ 16 ಬಿಟ್, ಅಂದರೆ ಎರಡು ಬೈಟ್ ಜಾಗ. ಅಜ್ಜನ ಒಂದು ಏಟು ಹುಟ್ಟಿ ಆರುವುದಕ್ಕೆ ಸುಮಾರು ಒಂದೂವರೆ ಸೆಕೆಂಡು. ಲೆಕ್ಕ ಹಾಕಿದರೆ 1,32,300 ಬೈಟ್. ಅಂಥ ಏಟನ್ನು ಮೊದಲು ಎರಡೂ ತುದಿಗೆ ಕತ್ತರಿಸಬೇಕು. ಮುಂದೆ ಒಂದು ಚೂರು ಮೌನ ಉಳಿದರೂ ಬೆರಳು ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ. ಆಮೇಲೆ ಅದನ್ನು ಮನೆಗಳಿಗೆ ಹಂಚಬೇಕು. ಒಂದೇ ಏಟನ್ನು ಮೇಲಿನ ಮನೆಗಳಿಗೂ ಎಳೆದರೆ ಯಂತ್ರ ಅದನ್ನು ಬೇಗ ಬೇಗ ಓದುತ್ತದೆ. ಒಂದು ಸಪ್ತಕ ಮೇಲೆ ಹೋದರೆ ಎರಡು ಪಟ್ಟು ವೇಗ, ಅರ್ಧ ಹೊತ್ತು. ಡಮಾಮಿ ಡಬ್ಬಿಯಂತಾಗುತ್ತದೆ. ಆದ್ದರಿಂದ ನಾಲ್ಕೈದು ಮನೆಗಳಿಗೊಂದು ಬೇರೆ ಏಟು ಬೇಕು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ವಾದ್ಯಕ್ಕೆ ಸಾಲದು. ಮೆಲ್ಲಗೆ ಒತ್ತಿದರೆ ಮೆತ್ತಗಿನ ಏಟು, ಜೋರಾಗಿ ಒತ್ತಿದರೆ ಬಿರುಸಿನ ಏಟು ಬರುವಂತೆ ಒಂದರ ಮೇಲೊಂದು ಪದರ ಜೋಡಿಸಬೇಕು. ಒಂದೇ ಏಟು ಮತ್ತೆ ಮತ್ತೆ ಬಂದರೆ ಕಿವಿ ಮೋಸವನ್ನು ಹಿಡಿದುಬಿಡುತ್ತದೆ, ಮನುಷ್ಯನ ಕೈ ಎರಡು ಸಲ ಒಂದೇ ತರಹ ಬೀಳುವುದಿಲ್ಲವಲ್ಲ. ಹಾಗಾಗಿ ಸರದಿಯಲ್ಲಿ ಬೇರೆ ಬೇರೆ ಏಟು ಬರಬೇಕು. ಒಂಬತ್ತರಲ್ಲಿ ಏಳು ಬಳಕೆಗೆ ಬಂದವು. ಉಳಿದ ಎರಡರಲ್ಲಿ ಜೀರುಂಡೆ ಇತ್ತು.

ಈ ವಿದ್ಯೆಯ ಇತಿಹಾಸವನ್ನು ಸಾಮಾನ್ಯವಾಗಿ ಪ್ಯಾರಿಸ್ಸಿನಿಂದ ಆರಂಭಿಸುತ್ತಾರೆ. 1948ರಲ್ಲಿ ಅಲ್ಲಿನ ರೇಡಿಯೋದಲ್ಲಿದ್ದ ಪಿಯೆರ್ ಶೆಫರ್ ರೈಲಿನ ಸದ್ದುಗಳನ್ನು ಮುದ್ರಿಸಿ, ಕತ್ತರಿಸಿ, ತಿರುಗಿಸಿ ಸಂಗೀತ ಮಾಡಿದ. ಅದಕ್ಕೂ ನಾಲ್ಕು ವರ್ಷ ಮೊದಲು, 1944ರಲ್ಲಿ, ಕೈರೋದಲ್ಲಿ ಹಲೀಮ್ ಎಲ್-ದಾಬ್ ಎಂಬ ಯುವಕ ತಂತಿಯ ಮೇಲೆ ಮುದ್ರಿಸುವ ಯಂತ್ರವೊಂದನ್ನು ಎರವಲು ತಂದು ಝಾರ್ ಎಂಬ ಆಚರಣೆಯ ಹಾಡನ್ನು ಮುದ್ರಿಸಿಕೊಂಡು, ಸ್ಟುಡಿಯೋದಲ್ಲಿ ಅದರ ರೂಪ ಬದಲಿಸಿದ. ಝಾರ್ ಈಶಾನ್ಯ ಆಫ್ರಿಕಾದ, ಮೈಮೇಲೆ ಬರುವ, ವಾಸಿಮಾಡುವ ಆಚರಣೆ. ಹಾಡುವವರು ಹೆಂಗಸರು. ಅಂದರೆ ಯಂತ್ರಕ್ಕೆ ಮೊದಮೊದಲು ಒಳಗಾದ ಸದ್ದುಗಳಲ್ಲೊಂದು ಇಂಥ ಜನರದ್ದೇ. ಎಲ್-ದಾಬ್‌ನ ಹೆಸರು ಚರಿತ್ರೆಯಲ್ಲಿದೆ. ಹಾಡಿದ ಹೆಂಗಸರ ಹೆಸರು ನನ್ನ ಓದಿನಲ್ಲಿ ಎಲ್ಲೂ ಎದುರಾಗಿಲ್ಲ.

ಒತ್ತಿದರೆ ಬೇರೆಯವರ ವಾದ್ಯ ನುಡಿಯುವ ಕೀಬೋರ್ಡನ್ನು ಅಮೆರಿಕದ ಹ್ಯಾರಿ ಚೇಂಬರ್ಲಿನ್ 1940ರ ದಶಕದ ಕೊನೆಗೆ ಮಾಡಿದ. ಪ್ರತಿ ಮನೆಯ ಕೆಳಗೂ ಒಂದೊಂದು ಟೇಪು. ಅದನ್ನೇ ತಿದ್ದಿ 1963ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೆಲೊಟ್ರಾನ್ ಬಂತು. ಒಂದು ಮನೆ ಒತ್ತಿದರೆ ಸುಮಾರು ಎಂಟು ಸೆಕೆಂಡು ಪಿಟೀಲೋ ಕೊಳಲೋ ನುಡಿದು ನಿಲ್ಲುತ್ತಿತ್ತು. ಬ್ರಿಟನ್ನಿನ ಸಂಗೀತಗಾರರ ಒಕ್ಕೂಟ ಇದನ್ನು ಕಂಡು ಆತಂಕಗೊಂಡಿತು. ಪಿಟೀಲಿನವರನ್ನು ಇನ್ನು ಯಾರು ಕರೆಯುತ್ತಾರೆ ಎಂಬುದು ಅವರ ಚಿಂತೆ. 1979ರಲ್ಲಿ ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರೀ ಫೇರ್‌ಲೈಟ್ ಎಂಬ ಯಂತ್ರ ತಂದರು. ಟೇಪಿನ ಬದಲು ಅಂಕಿ. ಬೆಲೆ ಒಂದು ಮನೆಯಷ್ಟು. 1981ಕ್ಕೆ ಇಮ್ಯುಲೇಟರ್ ಬಂತು. ನಂತರದ ಐದಾರು ವರ್ಷಗಳಲ್ಲಿ ಬೆಲೆ ಸರಸರ ಇಳಿದು, ಮಕ್ಕಳ ಆಟಿಕೆಯಂಥ ಕ್ಯಾಸಿಯೋ ಎಸ್‌ಕೆ-1ರಲ್ಲೂ ನಮ್ಮದೇ ಸದ್ದು ತುಂಬುವ ಸೌಲಭ್ಯ ಸಿಕ್ಕಿತು. 8 ಬಿಟ್, 1.4 ಸೆಕೆಂಡು, ಅಷ್ಟೇ. ಅಜ್ಜನ ಒಂದು ಏಟಿಗೂ ಸಾಲದಷ್ಟು ಜಾಗ.

ನಮ್ಮ ನಾಡಿನ ಕತೆಗೆ ಇನ್ನೊಂದು ಕವಲಿದೆ. ಯುರೋಪಿನ ಕಾಲು ಹಾರ್ಮೋನಿಯಂ ನಮ್ಮ ನಾಟಕ ಕಂಪನಿಗಳಿಗೆ ಬಂತು. 1875ರಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಕೈಯಲ್ಲಿ ತಿದಿ ಒತ್ತುವ ಪೇಟಿಯನ್ನು ಮಾಡಿದ ಮೇಲೆ ಅದು ನೆಲಕ್ಕೆ ಇಳಿದು ಭಜನೆ, ಸಣ್ಣಾಟ, ಸಂಗೀತ ಪಾಠ ಎಲ್ಲದರಲ್ಲೂ ಸೇರಿತು. ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರಲು ಬಾರದ, ಮನೆಗಳಲ್ಲಿ ಸ್ವರವನ್ನು ಕಟ್ಟಿಹಾಕಿದ ವಾದ್ಯ ಎಂಬುದು ಅದರ ಮೇಲಿನ ಮುಖ್ಯ ಆರೋಪ. ಬೆಂಗಳೂರಿನ ಜಿ. ರಾಜನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದಾಗಲೂ ‘ಜೀವವಿಲ್ಲ’ ಎಂಬ ಮಾತು ಕೇಳುವುದಿತ್ತು. ಈಗ ಕಛೇರಿಗಳಲ್ಲಿ ತಂಬೂರಿ ಹಿಡಿದು ಕೂರುವ ಶಿಷ್ಯೆಯರು ಅಪರೂಪ. ಪೆಟ್ಟಿಗೆಯೋ ಫೋನಿನ ಆ್ಯಪೋ ಸಾಕು. ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಇಂದು ಕಾಣುವ ರೋಲ್ಯಾಂಡ್ ಎಕ್ಸ್‌ಪಿಎಸ್-10ರಂಥ ಕೀಬೋರ್ಡುಗಳು ಪೆನ್‌ಡ್ರೈವಿನಿಂದ ಸದ್ದನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಒಂದು ಕಾಲಕ್ಕೆ ಸಿಡ್ನಿಯ ಪ್ರಯೋಗಾಲಯದಲ್ಲಿ ಆಗುತ್ತಿದ್ದ ಕೆಲಸ ಈಗ ದಾಂಡೇಲಿಯ ಮೊಬೈಲ್ ಅಂಗಡಿಯಲ್ಲಿ ಆಗುತ್ತದೆ.

ಡಮಾಮಿಯ ಟೋನ್ ಆದ ಮೇಲೆ ಹುಡುಗನಿಗೆ ಹುರುಪು ಬಂತು. ನಾವಿಬ್ಬರೂ ಅವನ ಬೈಕಿನಲ್ಲಿ ಜೊಯಿಡಾದ ಕಡೆ ಒಬ್ಬ ಕುಣಬಿ ಹಿರಿಯರ ಮನೆಗೆ ಹೋದೆವು. ಗುಮಟೆ ಬೇಕಿತ್ತು. ಗುಮಟೆ ಎಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿಗೆ ಎಡಗೈ. ಬಲಗೈ ಬಾರಿಸುತ್ತಿದ್ದಂತೆ ಎಡಗೈ ಆ ಬಾಯನ್ನು ಮುಚ್ಚಿ ತೆರೆದರೆ ಸದ್ದು ಮಾತಿನಂತೆ ಏರಿಳಿಯುತ್ತದೆ. ಹಿಂದೆ ಅದಕ್ಕೆ ಉಡದ ಚರ್ಮವೇ ಆಗಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉಡವನ್ನು ಹಿಡಿಯುವುದು, ಕೊಲ್ಲುವುದು ಅಪರಾಧ. ಈಗ ಆಡಿನ ಚರ್ಮ. 2019ರಲ್ಲಿ ಗೋವಾ ಸರ್ಕಾರ ಗುಮಟೆಯನ್ನು ಪಾರಂಪರಿಕ ವಾದ್ಯ ಎಂದು ಘೋಷಿಸಿತು. ಕಾಯ್ದೆ ಸರಿಯಾದದ್ದೇ. ಆದರೂ ಆ ಹಿರಿಯರು ಆಡಿನ ಚರ್ಮದ ಗುಮಟೆ ಬಾರಿಸಿ, “ಹಳೇದು ಹಿಂಗಿರಲಿಲ್ಲ” ಎಂದು ಗೋಡೆ ನೋಡಿದಾಗ, ಹಳೆಯ ಸದ್ದು ಇನ್ನು ಧ್ವನಿಮುದ್ರಣಗಳಲ್ಲಿ ಮಾತ್ರ ಎಂಬುದು ಮನಸ್ಸಿಗೆ ತಾಗಿತು. ಗುಮಟೆಯನ್ನು ಮಾತ್ರ ಕೀಬೋರ್ಡಿಗೆ ಇಳಿಸಲಾಗಲಿಲ್ಲ. ಎಡಗೈಯ ಆ ಜಾರಿಕೆ ಯಾವ ಮನೆಗೂ ಕೂರಲಿಲ್ಲ. ಪೇಟಿಯ ಮೇಲಿದ್ದ ಹಳೆಯ ಆರೋಪವೇ ಇಲ್ಲಿ ತಿರುಗಿ ಬಂದಿತ್ತು.

ಮುಂಡಗೋಡದಲ್ಲಿ ಬೇರೆ ಪಾಠವಾಯಿತು. ಟಿಬೆಟನ್ ಮಠಗಳ ಉದ್ದನೆಯ ಕಹಳೆ, ದುಂಗ್‌ಚೆನ್, ಜೋಡಿಯಾಗಿ ನುಡಿಯುವಂಥದ್ದು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಊದುತ್ತಾರೆ, ಸದ್ದು ಕಡಿಯುವುದಿಲ್ಲ. ಸ್ಯಾಂಪಲ್ ಮಾಡುವವರು ದೀರ್ಘ ಸದ್ದಿನ ನಡುವೆ ಒಂದು ತುಣುಕನ್ನು ಗುರುತಿಸಿ ಅದನ್ನೇ ಸುತ್ತಿಸುತ್ತಾರೆ. ಇದಕ್ಕೆ ಲೂಪ್ ಎನ್ನುತ್ತಾರೆ. ಆಗ ಬೆರಳು ಎತ್ತುವವರೆಗೂ ಸದ್ದು ನಿಲ್ಲುವುದಿಲ್ಲ. ಅಲ್ಲಿ ಪಕ್ಕದಲ್ಲಿ ಕೂತ ಎರಡನೆಯ ಭಿಕ್ಷು ಮಾಡುವ ಕೆಲಸ ಇಲ್ಲಿ ಲೂಪಿನದು. ನಾವು ಮಾತನಾಡಿಸಿದ ಹಿರಿಯ ಭಿಕ್ಷುವೊಬ್ಬರು ಕೇಳಲು ಬನ್ನಿ ಎಂದರು. ಆದರೆ ಕುಣಿತದ ಹಾಡಿಗೆ ಅದನ್ನು ಹಾಕುವುದು ಬೇಡ, ಅದು ಪೂಜೆಯದ್ದು ಎಂದು ನಗುತ್ತಲೇ ಹೇಳಿದರು. ನಾವು ರೆಕಾರ್ಡರ್ ಚೀಲದಿಂದ ತೆಗೆಯಲಿಲ್ಲ. ವಾಪಸು ಬರುವಾಗ ನನಗೆ ಮೊದಲ ಸಲ ಕಸಿವಿಸಿಯಾಯಿತು. ಅವರನ್ನು ಕೇಳಿದೆವು, ಅವರು ಬೇಡ ಎಂದರು. ಅಜ್ಜನನ್ನು ನಾವು ಕೇಳಿಯೇ ಇರಲಿಲ್ಲ. ಆ ಕಸಿವಿಸಿಯನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡೆ. ಚೌತಿಯ ರಾತ್ರಿ ಅದು ಎರಡಾಳೆತ್ತರದ ಸ್ಪೀಕರಿನಿಂದ ಹೊರಬಂತು.

ಒಂದು ಏಟಿಗೆ ಇಷ್ಟೆಲ್ಲ ಏಕೆ ಎಂದು ನೀವು ಕೇಳಬಹುದು. ಎರಡು ಪ್ರಸಂಗ ಹೇಳುತ್ತೇನೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ಎಂಬ ತಂಡದ ಹಾಡೊಂದರಲ್ಲಿ ಗ್ರೆಗರಿ ಕೋಲ್‌ಮನ್ ಎಂಬ ಕಪ್ಪು ಡ್ರಮ್ ವಾದಕ ಆರೇಳು ಸೆಕೆಂಡು ಒಬ್ಬನೇ ಬಾರಿಸಿದ. ಸ್ಯಾಂಪ್ಲರುಗಳು ಬಂದ ಮೇಲೆ ಆ ತುಣುಕು ಸಾವಿರಾರು ಹಾಡುಗಳಲ್ಲಿ ಸೇರಿತು, ಅದರ ಮೇಲೆ ಹೊಸ ಸಂಗೀತ ಪ್ರಕಾರಗಳೇ ಹುಟ್ಟಿದವು. ಕೋಲ್‌ಮನ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಆತ ಮನೆಮಠವಿಲ್ಲದೆ ಸತ್ತ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ತಂಡದ ಮುಖ್ಯಸ್ಥನಿಗೆ ಸುಮಾರು 24,000 ಪೌಂಡ್ ಕೊಟ್ಟರು. ಬಾರಿಸಿದವನು ಆಗ ಇರಲಿಲ್ಲ. ಇನ್ನೊಂದು, ಸಾಲೊಮನ್ ದ್ವೀಪಗಳ ಅಫುನಕ್ವಾ ಎಂಬ ಹೆಂಗಸು ಹಾಡಿದ ಜೋಗುಳ. ಸಂಶೋಧಕ ಹ್ಯೂಗೋ ಝೆಂಪ್ ಅದನ್ನು 1970ರ ಆಸುಪಾಸಿನಲ್ಲಿ ಮುದ್ರಿಸಿಕೊಂಡಿದ್ದ. 1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ಜೋಡಿ ಅದನ್ನು ಸ್ಯಾಂಪಲ್ ಮಾಡಿ ಜಗತ್ತಿಗೆಲ್ಲ ಮಾರಿತು, ಅದೂ ಮಧ್ಯ ಆಫ್ರಿಕಾದ ಕಾಡಿನ ಜನರ ಹಾಡುಗಳೆಂಬ ಭಾವನೆ ಬರುವಂಥ ಆಲ್ಬಮ್ಮಿನಲ್ಲಿ. 1996ರಲ್ಲಿ ಝೆಂಪ್ ಆಕ್ಷೇಪಿಸಿ ಲೇಖನ ಬರೆದ. ಆ ಲೇಖನವನ್ನು ನಾನು ಎಂ.ಎ.ಯಲ್ಲಿ ಓದಿ ಪರೀಕ್ಷೆಗೆ ಉತ್ತರವನ್ನೂ ಬರೆದಿದ್ದೆ. ಓದಿದ್ದು ನಡವಳಿಕೆಗೆ ಬರಲು ಇನ್ನೇನೋ ಬೇಕು.

ಕಾನೂನಿನ ಮಾತೂ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ, ಮತ್ತೆ 2012ರಲ್ಲಿ ಆದ ತಿದ್ದುಪಡಿಗಳ ಪ್ರಕಾರ ಪ್ರದರ್ಶಕರಿಗೂ ಹಕ್ಕಿದೆ. ವಾದ್ಯ ಬಾರಿಸಿದವರ ಒಪ್ಪಿಗೆಯಿಲ್ಲದೆ ಅವರ ಪ್ರದರ್ಶನವನ್ನು ಮುದ್ರಿಸಿ ವ್ಯಾಪಾರಕ್ಕೆ ಬಳಸುವಂತಿಲ್ಲ, ಅದರೊಂದಿಗೆ ಅವರ ಹೆಸರು ಹೇಳಬೇಕು. ಬಿಡಿ ಏಟು ‘ಪ್ರದರ್ಶನ’ವೇ ಎಂದು ವಕೀಲರು ವಾದಿಸಬಹುದು. ನನ್ನ ಎದುರಿನ ಪ್ರಶ್ನೆ ಅಷ್ಟು ನಾಜೂಕಿನದಾಗಿರಲಿಲ್ಲ. ಮೊದಲು ಆ ಪೆಂಡಾಲಿಗೆ ಮೆರವಣಿಗೆಯ ದಿನ ಡಮಾಮಿಯವರನ್ನು ಕರೆಯುತ್ತಿದ್ದರು. ಈ ಸಲ ಕರೆದಿರಲಿಲ್ಲ. ಟೋನ್ ಇದ್ದದ್ದಕ್ಕೇ ಕರೆಯಲಿಲ್ಲವೋ, ದುಡ್ಡು ಸಾಲದ್ದಕ್ಕೋ, ನನಗೆ ತಿಳಿಯಲಿಲ್ಲ. ಮಂಡಳಿಯವರನ್ನು ಕೇಳುವ ಧೈರ್ಯವಾಗಲಿಲ್ಲ.

ಇಲ್ಲಿ ನನಗೆ ದಾರಿ ತೋರಿದ್ದು ಒಂದು ಹಳೆಯ ಉದಾಹರಣೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ, ಕರ್ನಾಟಕದ ಊರುಗಳಲ್ಲೂ, ಜನಪದ ಸಂಗೀತವನ್ನು ಮುದ್ರಿಸಿಕೊಂಡಿದ್ದ. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳನ್ನು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕದ ಅದೇ ಜಾಗಗಳಿಗೆ ಮರಳಿದರು, ಅಲ್ಲಿನವರಿಗೆ ಕೇಳಿಸಿದರು. ನಲವತ್ತಾರು ವರ್ಷದ ನಂತರ. ನನಗೆ ಎರಡೇ ವರ್ಷವಾಗಿತ್ತು.

ಚೌತಿ ಮುಗಿದ ವಾರ ಹುಡುಗನೂ ನಾನೂ ಕೀಬೋರ್ಡನ್ನು ಬೈಕಿಗೆ ಕಟ್ಟಿಕೊಂಡು ಹಾಡಿಗೆ ಹೋದೆವು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅಜ್ಜ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಕಟ್ಟೆಯ ಮೇಲೆ ಕೀಬೋರ್ಡ್ ಇಟ್ಟು, ಸಣ್ಣ ಸ್ಪೀಕರಿಗೆ ಸಿಕ್ಕಿಸಿ, ಹುಡುಗ “ಒತ್ತಿ ನೋಡ್ರಿ ಅಜ್ಜಾರ” ಎಂದ. ಅಜ್ಜ ತೋರುಬೆರಳಿನಿಂದ ಒಂದು ಮನೆ ಒತ್ತಿದರು. ಏಟು ಬಿತ್ತು, ಕೊನೆಗೆ ಬಳೆಯ ಕಿಣಿ. ಮೊಮ್ಮಕ್ಕಳು ನಕ್ಕರು. ಅಜ್ಜ ಮತ್ತೆ ಒತ್ತಿದರು, ಕಿವಿ ಹತ್ತಿರ ತಂದು ಮತ್ತೆ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿ, “ತಂಗೀ, ಇದು ಬಾರಿಸಿದ್ದಲ್ಲಲ್ಲ” ಎಂದರು.

ನನಗೆ ಅರ್ಥವಾಗಲಿಲ್ಲ.

“ಅವತ್ತು ಮಳಿ ಹಿಡಿದಿತ್ತು. ಚರ್ಮ ತಂಡಿ ಆಗಿತ್ತು. ಎಷ್ಟು ತಂಡಿ ಆಗೇತಿ ಅಂತ ಬಡಿದು ನೋಡಿದ್ದು ಇದು. ಆಮ್ಯಾಲೆ ನಾ ಬೆಂಕಿಗೆ ಹಿಡೀಲಿಲ್ಲೇನು? ಆಮ್ಯಾಲೆ ಬಾರಿಸಿದ್ದು.”

ಹಿಡಿದಿದ್ದರು. ನನ್ನ ಮುದ್ರಣದಲ್ಲಿ ಒಂಬತ್ತು ಏಟಿಗೂ ಹಾಡಿಗೂ ನಡುವೆ ಸುಮಾರು ಎರಡು ನಿಮಿಷ ಬೆಂಕಿಯ ಚಟಪಟ ಇದೆ. ನನ್ನ ಟಿಪ್ಪಣಿಯಲ್ಲಿ ಅದೂ ‘ಬಿಡಬಹುದು’. ದಾಂಡೇಲಿಯ ಹುಡುಗರು ಆ ರಾತ್ರಿ ಕುಣಿದದ್ದು ತಂಡಿ ಹಿಡಿದ ಚರ್ಮದ ಪರೀಕ್ಷೆಗೆ. ಇಬ್ಬರು ಬಾರಿಸುವವರು, ಹಾಡುವ ಹೆಂಗಸರು, ಬೆಂಕಿ, ಕುಣಿತ ಎಲ್ಲವನ್ನೂ ಕತ್ತರಿಸಿದ ಮೇಲೆ ಶುದ್ಧವಾಗಿ ಉಳಿದದ್ದು ಅದೊಂದೇ. ನಾವು ಅದಕ್ಕೆ ಡಮಾಮಿ ಎಂದು ಹೆಸರಿಟ್ಟಿದ್ದೆವು.

ಅಜ್ಜ ಮೂರು ಮಾತು ಹೇಳಿದರು. ತೆಗೆಯುವುದಾದರೆ ಬೇಸಿಗೆಯಲ್ಲಿ ಬಂದು ಸರಿಯಾಗಿ ತೆಗೆಯಿರಿ. ಅವತ್ತಿನ ಕೂಲಿ ಬಾರಿಸುವ ಇಬ್ಬರಿಗೂ ಕೊಡಿ. ಇದನ್ನು ನುಡಿಸುವ ಕಡೆ ನಮ್ಮ ಹುಡುಗರನ್ನೂ ಒಂದು ಸಲ ಕರೆಯಿರಿ. ಹುಡುಗ ಮೊದಲೆರಡಕ್ಕೆ ತಕ್ಷಣ ಒಪ್ಪಿದ. ಮೂರನೆಯದಕ್ಕೆ, “ಅದು ನನ್ನ ಕೈಯಾಗಿಲ್ಲ ಅಜ್ಜಾರ, ಮಂಡಳಿಯವ್ರನ್ನ ಕೇಳ್ತೀನಿ” ಎಂದ. ಹಳೆಯ ಟೋನ್ ಅಳಿಸಿಬಿಡುತ್ತೇನೆ ಎಂದೂ ಹೇಳಿದ. ಆಮೇಲೆ ತಲೆ ಕೆರೆದುಕೊಂಡು, ಹಳಿಯಾಳದ ಒಬ್ಬನಿಗೆ, ಧಾರವಾಡದ ಇಬ್ಬರಿಗೆ ಆಗಲೇ ಕಾಪಿ ಕೊಟ್ಟಿದ್ದನ್ನು ಒಪ್ಪಿಕೊಂಡ. ಅವರು ಇನ್ಯಾರಿಗೆ ಕೊಟ್ಟಿದ್ದಾರೋ.

ಏಪ್ರಿಲಿನಲ್ಲಿ ನಾವು ಮತ್ತೆ ಹೋಗಿ ಮುದ್ರಿಸಿಕೊಂಡೆವು. ಚರ್ಮ ಕಾದಿತ್ತು, ಇಬ್ಬರೂ ಬಾರಿಸಿದರು, ಕೂಲಿ ಕೊಟ್ಟೆವು. ಫೈಲಿನ ಹೆಸರಿನಲ್ಲಿ ಅಜ್ಜನ ಹೆಸರೂ ಇನ್ನೊಬ್ಬರ ಹೆಸರೂ ಇವೆ. ಅವರನ್ನು ಕೇಳದೆ ಹಾಕುವುದು ಬೇಡವೆಂದು ಇಲ್ಲಿ ಬರೆದಿಲ್ಲ. ಹೊಸ ಒಪ್ಪಿಗೆ ಪತ್ರವನ್ನು ಅವರ ಮುಂದೆಯೇ ಓದಿ, ಅವರು ಹೇಳಿದಂತೆ ತಿದ್ದಿದ್ದೇನೆ. ನನ್ನ ಪ್ರಬಂಧದಲ್ಲಿ ‘ಬಿಡಬಹುದು’ ಎಂದಿದ್ದ ಆ ಎರಡು ನಿಮಿಷಕ್ಕೆ ಈಗ ಒಂದು ಅಧ್ಯಾಯವಿದೆ. ಈ ವರ್ಷದ ಚೌತಿಗೆ ಡಮಾಮಿಯವರನ್ನು ಕರೆಯುವ ಬಗ್ಗೆ ಮಂಡಳಿಯವರು ಇನ್ನೂ ಏನೂ ಹೇಳಿಲ್ಲ. ಹಳೆಯ ಟೋನ್ ಮಾತ್ರ ಎಲ್ಲೋ ತಿರುಗುತ್ತಲೇ ಇದೆ. ಕಳೆದ ತಿಂಗಳು ಧಾರವಾಡದಲ್ಲಿ ಒಂದು ಮದುವೆಯ ಬರಾತಿನ ಪಕ್ಕ ಹಾದುಹೋಗುವಾಗ ಆ ಬಳೆಯ ಕಿಣಿ ಕೇಳಿದಂತಾಗಿ ನಿಂತೆ. ಗಾಡಿ ಮುಂದೆ ಹೋಗಿತ್ತು, ಖಾತ್ರಿ ಮಾಡಿಕೊಳ್ಳಲು ಆಗಲಿಲ್ಲ.